ಮೂರು ಪಿಎಲ್‌ಸಿ, ಒಂದೇ ಲೈನ್: 485 ನೆಟ್‌ವರ್ಕ್ ಮಾಡೋದು ಹೇಗೆ?

ಪಂಪ್‌ಹೌಸಲ್ಲೊಂದು, ಓವರ್‌ಹೆಡ್ ಟ್ಯಾಂಕ್ ಹತ್ರ ಒಂದು, ಮೇನ್ ಪ್ಯಾನಲಲ್ಲಿ ಒಂದು, ಹೀಗೆ ಮೂರು ಡೆಲ್ಟಾ ಡಿವಿಪಿ ಪಿಎಲ್‌ಸಿ (ಪ್ರೋಗ್ರಾಂ ಹಾಕಿ ಪಂಪ್, ಮೋಟಾರ್ ನಡೆಸೋ ಕಂಟ್ರೋಲರ್) ಇದಾವೆ ಅಂದ್ಕೊಳ್ಳಿ. ಟ್ಯಾಂಕಿನ ಲೆವೆಲ್ ನೋಡಿ ಮೇನ್ ಪ್ಯಾನಲ್ ಪಂಪ್ ಆನ್, ಆಫ್ ಮಾಡಿಸ್ಬೇಕು. ಇವುಗಳ ಮಧ್ಯೆ ಡೇಟಾ ಓಡಾಡ್ಬೇಕು ಅಂದ್ರೆ ಈಥರ್ನೆಟ್ ಮಾಡ್ಯೂಲ್ ಎಲ್ಲಾ ಏನೂ ಬೇಡ, ಪಿಎಲ್‌ಸಿಲೇ ಇರೋ ಆರ್‌ಎಸ್-485 ಪೋರ್ಟು (ಎರಡು ವೈರಲ್ಲಿ ಡೇಟಾ ಕಳಿಸೋದು), ಅದರ ಮೇಲೆ ಮಾಡ್‌ಬಸ್ (ಡೇಟಾ ಕೇಳೋ, ಕೊಡೋ ನಿಯಮ, ಅಂದ್ರೆ ಪ್ರೋಟೋಕಾಲ್), ಅಷ್ಟು ಸಾಕು. 1979ರಲ್ಲಿ ಮಾಡಿಕಾನ್ ಕಂಪನಿ ತಂದ ಪ್ರೋಟೋಕಾಲ್ ಇದು, ಇವತ್ತಿಗೂ ಡ್ರೈವ್, ಎನರ್ಜಿ ಮೀಟರ್ ಎಲ್ಲದರಲ್ಲೂ ಸಿಗತ್ತೆ.

ಲ್ಯಾಪ್‌ಟಾಪ್ ತೆಗೆಯೋಕೆ ಮುಂಚೆ ವೈರಿಂಗ್ ಪಕ್ಕಾ ಮಾಡ್ಕೊಳ್ಳಿ, ಯಾಕಂದ್ರೆ ಕಮ್ಯುನಿಕೇಶನ್ ಬರ್ತಿಲ್ಲ ಅಂತ ಪ್ರೋಗ್ರಾಂ ತಿದ್ದುತ್ತಾ ಕೂರೋ ಎಷ್ಟೋ ಕಡೆ ತೊಂದರೆ ಇರೋದು ವೈರಲ್ಲೇ. ಶೀಲ್ಡ್ ಇರೋ ಟ್ವಿಸ್ಟೆಡ್ ಪೇರ್ ಕೇಬಲ್ಲೇ ತಗೊಳ್ಳಿ, ಇಲ್ಲಿ ದುಡ್ಡು ಉಳಿಸ್ಬೇಡಿ. ಒಂದು ಪ್ಯಾನಲಿಂದ ಇನ್ನೊಂದಕ್ಕೆ, ಅಲ್ಲಿಂದ ಮುಂದಿನದಕ್ಕೆ ಅಂತ ಸಾಲಾಗಿ ಹೋಗ್ಬೇಕು, ನಡುವೆ ಜಂಕ್ಷನ್ ಬಾಕ್ಸ್ ಇಟ್ಟು ಮೂರು ಕಡೆ ಕವಲು ಹೊಡೀಬೇಡಿ. ಸೆಕೆಂಡಿಗೆ 9600 ಬಿಟ್ ಸ್ಪೀಡಲ್ಲಿ 1200 ಮೀಟರ್ ತನಕ ಎಳೀಬಹುದು. ಮೋಟಾರ್ ಕೇಬಲ್ ಇರೋ ಕೇಬಲ್ ಟ್ರೇಲಿ ಮಾತ್ರ ಹಾಕ್ಲೇಬೇಡಿ, ಅದರಲ್ಲೂ ವಿಎಫ್‌ಡಿ (ಮೋಟಾರ್ ಸ್ಪೀಡ್ ಬದಲಿಸೋ ಡ್ರೈವ್) ಇದ್ರೆ. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್, ಶೀಲ್ಡ್ ಒಂದೇ ತುದೀಲಿ ಅರ್ತಿಂಗಿಗೆ. ಬೇರೆ ಕಂಪನಿ ಐಟಂ ಸೇರಿಸಿದ್ರೆ ಎ, ಬಿ ಅಂತ ಬರ್ದಿರೋದು ಉಲ್ಟಾ ಇರಬಹುದು, ಎರಡೂ ವೈರ್ ಅದಲು ಬದಲು ಮಾಡಿ ನೋಡಿ.

ಲೈನಿನ ಎರಡೂ ತುದೀಲಿ ಮಾತ್ರ 120 ಓಮ್ ರೆಸಿಸ್ಟರ್ ಹಾಕಿ, ಮಧ್ಯದ ಪಿಎಲ್‌ಸಿಗೆ ಬೇಡ. ಆಮೇಲೆ ಎಲ್ಲಾ ಪ್ಯಾನಲ್ ಪವರ್ ಆಫ್ ಮಾಡಿ ಎರಡೂ ವೈರ್ ಮಧ್ಯೆ ಮಲ್ಟಿಮೀಟರ್ ಹಿಡೀರಿ. 60 ಓಮ್ ಹತ್ರ ತೋರಿಸಿದ್ರೆ ಸರಿಯಾಗಿದೆ, 120 ಬಂದ್ರೆ ಒಂದು ರೆಸಿಸ್ಟರ್ ಇಲ್ಲ ಅಥವಾ ಎಲ್ಲೋ ವೈರ್ ಕಟ್ಟಾಗಿದೆ, 40 ಬಂದ್ರೆ ಯಾರೋ ಮೂರನೇದು ಹಾಕಿದಾರೆ.

ಈಗ ಪ್ರೋಗ್ರಾಂ. ಇಲ್ಲಿ ಎಂ ಅಂದ್ರೆ ಪಿಎಲ್‌ಸಿ ಒಳಗಿನ ಆನ್/ಆಫ್ ಬಿಟ್, ಡಿ ಅಂದ್ರೆ ಅಂಕಿ ಇಡೋ ರಿಜಿಸ್ಟರ್, ಎಚ್ ಅಂದ್ರೆ ಹೆಕ್ಸಾಡೆಸಿಮಲ್ ಸಂಖ್ಯೆ. ಡೇಟಾ ಕೇಳೋ ಪಿಎಲ್‌ಸಿ ಮಾಸ್ಟರ್, ಉತ್ತರ ಕೊಡೋದು ಸ್ಲೇವ್. ಮೂರರಲ್ಲೂ ಮೊದಲ ಸ್ಕ್ಯಾನಲ್ಲಿ, ಅಂದ್ರೆ ಎಂ1002 ಕಾಂಟ್ಯಾಕ್ಟಲ್ಲಿ, ಡಿ1120ಗೆ ಎಚ್87 ಮೂವ್ ಮಾಡಿ, ಅದು 9600, 8 ಬಿಟ್, ಈವನ್ ಪ್ಯಾರಿಟಿ, 1 ಸ್ಟಾಪ್. ಈ ಸೆಟ್ಟಿಂಗ್ ಉಳಿಯೋಕೆ ಎಂ1120 ಸೆಟ್ ಮಾಡಿ, ಆರ್‌ಟಿಯು ಮೋಡಿಗೆ (ಮಾಡ್‌ಬಸ್‌ನ ಬೈನರಿ ರೂಪ) ಎಂ1143 ಸೆಟ್ ಮಾಡಿ. ಸ್ಲೇವ್‌ಗಳ ಸ್ಟೇಷನ್ ನಂಬರ್ ಡಿ1121ರಲ್ಲಿ, ಪಂಪ್‌ಹೌಸಿಗೆ 2, ಟ್ಯಾಂಕಿಗೆ 3. ಎರಡಕ್ಕೂ ಒಂದೇ ನಂಬರ್ ಬಿದ್ರೆ ಎರಡೂ ಒಟ್ಟಿಗೆ ಉತ್ತರ ಕೊಟ್ಟು ಗಲಾಟೆ. ಮಾಸ್ಟರ್ ಒಂದೇ ಇರ್ಬೇಕು, ಅದು ಮೇನ್ ಪ್ಯಾನಲ್.

ಸ್ಲೇವಿನ ಡೇಟಾ ಓದೋಕೆ, ಬರೆಯೋಕೆ ಮಾಸ್ಟರಲ್ಲಿ ಮಾಡ್‌ಆರ್‌ಡಬ್ಲ್ಯೂ (MODRW) ಇನ್‌ಸ್ಟ್ರಕ್ಷನ್. ಡಿವಿಪಿಲಿ ಡಿ0 ಅಂದ್ರೆ ಮಾಡ್‌ಬಸ್ ಅಡ್ರೆಸ್ ಎಚ್1000, ಡೆಸಿಮಲಲ್ಲಿ 4096, ಇದನ್ನ ಬಿಟ್ಟು ಸೊನ್ನೆ ಅಂತ ಕೊಟ್ರೆ ಡಿ0 ಡೇಟಾ ಬರಲ್ಲ. ಎಂ1122 ಸೆಟ್ ಮಾಡಿದ್ರೆ ರಿಕ್ವೆಸ್ಟ್ ಹೋಗತ್ತೆ, ಉತ್ತರ ಬಂದ್ರೆ ಎಂ1127 ಆನ್, ಟೈಮೌಟ್ ಆದ್ರೆ ಎಂ1129. ಎರಡರಲ್ಲಿ ಯಾವುದು ಬಂದ್ರೂ ಅದನ್ನ ರಿಸೆಟ್ ಮಾಡಿ ಮುಂದಿನ ಸ್ಲೇವಿಗೆ ಹೋಗಿ, ಒಂದು ಮುಗಿಯೋ ತನಕ ಇನ್ನೊಂದು ಕಳಿಸ್ಬೇಡಿ. ಮೊದಲು ಒಂದೇ ಸ್ಲೇವ್ ಕನೆಕ್ಟ್ ಮಾಡಿ ಓದ್ನೋಡಿ, ಬಂದ್ಮೇಲೆ ಎರಡನೇದು.

ಇನ್ನೊಂದು ಕೆಲಸ ಎಷ್ಟೋ ಜನ ಬಿಟ್ಟುಬಿಡ್ತಾರೆ, ದಯವಿಟ್ಟು ಬಿಡ್ಬೇಡಿ. ಕೇಬಲ್ ಕಟ್ಟಾದ್ರೆ ಮಾಸ್ಟರಲ್ಲಿ ಹಳೇ ಲೆವೆಲ್ಲೇ ಉಳ್ಕೊಳತ್ತೆ, ಟ್ಯಾಂಕ್ ತುಂಬಿ ಸುರೀತಿದ್ರೂ ಅದಕ್ಕೆ ಅರ್ಧ ಅಂತಲೇ ಲೆಕ್ಕ, ಪಂಪ್ ಓಡ್ತಾನೇ ಇರತ್ತೆ. ಅದಕ್ಕೆ ಟ್ಯಾಂಕ್ ಪಿಎಲ್‌ಸಿಲಿ ಸೆಕೆಂಡಿಗೊಮ್ಮೆ ಏರೋ ಒಂದು ಕೌಂಟರ್ ಇಟ್ಟು ಅದನ್ನೂ ಓದಿ, 5 ಸೆಕೆಂಡ್ ಬದಲಾಗ್ಲಿಲ್ಲ ಅಂದ್ರೆ ಪಂಪ್ ಆಫ್, ಅಲಾರಂ ಆನ್. ಪಂಪ್‌ಹೌಸ್ ಪಿಎಲ್‌ಸಿಗೂ ಮಾಸ್ಟರಿಂದ ಇಂಥದ್ದೇ ಕೌಂಟರ್ ಬರೀರಿ, ಲೈನ್ ಹೋದ್ರೆ ಆಫ್ ಕಮಾಂಡ್ ಕೂಡ ಅಲ್ಲಿಗೆ ತಲುಪಲ್ಲ, ಅದು ತಾನಾಗೇ ನಿಲ್ಬೇಕು. ಎಮರ್ಜೆನ್ಸಿ ಸ್ಟಾಪ್ ಮಾತ್ರ ಈ ಲೈನಲ್ಲಿ ಕಳಿಸ್ಬೇಡಿ, ಅದಕ್ಕೆ ನೇರ ಹಾರ್ಡ್‌ವೈರಿಂಗೇ ಆಗ್ಬೇಕು.