ಹಳೇ ಕೋರ್ 2 ಡ್ಯುಯೋ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕುವ ಕೆಲಸ

ಹಾರ್ಡ್‌ಡಿಸ್ಕ್ ಅಳಿಸುವ ಮೊದಲು ಒಂದು ಕೆಲಸ ಮಾಡಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಕಡತಗಳಿದ್ದರೆ, ಅವುಗಳ ಜೊತೆ ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಲ್ಲಿರುವ ನುಡಿ ಫಾಂಟುಗಳನ್ನೂ ಪೆನ್‌ಡ್ರೈವಿಗೆ ತೆಗೆದಿಟ್ಟುಕೊಳ್ಳಿ. ಯೂನಿಕೋಡ್ ಅಲ್ಲದ ಆ ಕಡತಗಳು ಫಾಂಟ್ ಇಲ್ಲದಿದ್ದರೆ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ತೆರೆಯುತ್ತವೆ.

ಇಂಥ ಮಷೀನಿಗೆ ವಿಂಡೋಸ್ 11ರ ಆಸೆ ಬೇಡ. 24ಎಚ್2 ಆವೃತ್ತಿ ಕೇಳುವ ಎಸ್‌ಎಸ್‌ಇ 4.2 ಎಂಬ ಸೂಚನೆಗಳ ಗುಂಪು ಕೋರ್ 2 ಡ್ಯುಯೋ ಪ್ರೊಸೆಸರಿನಲ್ಲಿ ಇಲ್ಲ, ಹಾಗಾಗಿ ಅದು ಬೂಟೇ ಆಗುವುದಿಲ್ಲ. ನಾನು ಹಾಕುವುದು ಪುಕ್ಕಟೆ ಸಿಗುವ ಓಎಸ್ (ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ) ಲಿನಕ್ಸ್ ಮಿಂಟ್ 22ರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. 2 ಜಿಬಿ ರ‍್ಯಾಮಿನಲ್ಲಿ ಓಡುತ್ತದೆ, ಆದರೆ ಬ್ರೌಸರ್ ತೆರೆದ ಕೂಡಲೇ ಉಸಿರುಗಟ್ಟುತ್ತದೆ. 4 ಜಿಬಿ ಇರಲೇಬೇಕು.

ರ‍್ಯಾಮ್ ತರುವ ಮುಂಚೆ ಡಬ್ಬ ಬಿಚ್ಚಿ ನೋಡಿ. ಇಂಥ ಮಷೀನುಗಳಲ್ಲಿ ಸಿಗುವ ಇಂಟೆಲ್ ಜಿ41 ಚಿಪ್‌ಸೆಟ್ಟಿನ ಬೋರ್ಡುಗಳಲ್ಲಿ ಕೆಲವಕ್ಕೆ ಡಿಡಿಆರ್2, ಕೆಲವಕ್ಕೆ ಡಿಡಿಆರ್3. ಎರಡರ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟಿಗೆ ಇನ್ನೊಂದು ಕೂರದು. ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಬೀದಿ ಎಸ್‌.ಪಿ. ರೋಡಿಗೆ ಹೋಗುವಾಗ ಹಳೇ ಸ್ಟಿಕ್ಕನ್ನೇ ಜೊತೆಗೆ ಒಯ್ಯುವುದು ಒಳ್ಳೆಯದು. ಅಗ್ಗಕ್ಕೆ ಸಿಗುವ 4 ಜಿಬಿ ಡಿಡಿಆರ್2 ಸ್ಟಿಕ್ಕುಗಳಲ್ಲಿ ಬಹಳಷ್ಟು ಎಎಂಡಿ ಬೋರ್ಡಿಗೆ ಮಾತ್ರ ಆಗುವಂಥವು. ಇಂಟೆಲ್‌ನಲ್ಲಿ ಪರದೆಯೇ ಬರುವುದಿಲ್ಲ. 2 ಜಿಬಿಯವು ಎರಡು ಸಾಕು.

ನಿಜವಾದ ವೇಗ ಬರುವುದು ತಿರುಗುವ ಭಾಗಗಳಿಲ್ಲದ ಹೊಸ ಬಗೆಯ ಡಿಸ್ಕಾದ ಎಸ್‌ಎಸ್‌ಡಿಯಿಂದ. ಓಎಸ್ ಎಷ್ಟೇ ಹಗುರವಿದ್ದರೂ ಹಳೇ ಡಿಸ್ಕಿನ ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡುವ ಹೊತ್ತು ಕಡಿಮೆಯಾಗದು. 240 ಜಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿದರೆ ಹಳೇ ಬೋರ್ಡಿನ ಪೋರ್ಟು ಅದರ ಪೂರ್ತಿ ವೇಗಕ್ಕೆ ನಿಲುಕದಿದ್ದರೂ ವ್ಯತ್ಯಾಸ ಮೊದಲ ಬೂಟಿನಲ್ಲೇ ಕಾಣುತ್ತದೆ. ಬಯಾಸ್‌ನಲ್ಲಿ (ಮಷೀನ್ ಆನ್ ಆದಾಗ ಮೊದಲು ಓಡುವ ಸೆಟ್ಟಿಂಗ್ಸ್) ಡಿಸ್ಕಿಗೆ ಎಎಚ್‌ಸಿಐ ಮೋಡಿನ ಆಯ್ಕೆ ಇಲ್ಲದಿದ್ದರೆ ಹಳೇ ಐಡಿಇ ಮೋಡಿನಲ್ಲೇ ಬಿಡಿ, ನಡೆಯುತ್ತದೆ.

ಡಬ್ಬ ತೆರೆದಾಗಲೇ ವೈರ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ, ಧೂಳು ಊದಿ. ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ; ಬೀಪ್ ಹೊಡೆದು ನಿಲ್ಲುವ ಎಷ್ಟೋ ಮಷೀನುಗಳು ಇಷ್ಟಕ್ಕೇ ಏಳುತ್ತವೆ. ಬೋರ್ಡಿನ ಕೆಪ್ಯಾಸಿಟರ್‌ಗಳ ತಲೆ ಉಬ್ಬಿದ್ದರೆ ದುಡ್ಡು ಹಾಕುವ ಮುಂಚೆ ಯೋಚಿಸಿ. ಬೋರ್ಡಿನ ಗಡಿಯಾರ ನಡೆಸುವ ಸಿಆರ್2032 ಸೆಲ್ಲನ್ನು ತಪ್ಪದೆ ಬದಲಿಸಿ. ಸೆಲ್ ಸತ್ತರೆ ತಾರೀಖು ಹಿಂದಕ್ಕೆ ಹೋಗಿ ಬ್ರೌಸರಿನಲ್ಲಿ ಪ್ರತಿ ಸೈಟೂ ಸುರಕ್ಷಿತವಲ್ಲ ಎನ್ನುತ್ತದೆ, ಅಪ್‌ಡೇಟೂ ನಿರಾಕರಿಸುತ್ತದೆ. ಜನ ಆಗ ಲಿನಕ್ಸನ್ನೇ ಬೈಯುತ್ತಾರೆ.

ರೂಫಸ್ ತಂತ್ರಾಂಶದಲ್ಲಿ ಇನ್‌ಸ್ಟಾಲಿಗೆ ಪೆನ್‌ಡ್ರೈವ್ ಮಾಡುವಾಗ ಎಂಬಿಆರ್ ಎಂಬ ಪಾರ್ಟಿಶನ್ ಬಗೆ ಆರಿಸಿ. ಹಳೇ ಬಯಾಸ್‌ಗೆ ಅದೇ ಬೇಕು. ಪರದೆ ಕಪ್ಪಾಗಿ ನಿಂತರೆ ಮೆನುವಿನ ಕಂಪ್ಯಾಟಿಬಿಲಿಟಿ ಮೋಡಿನಿಂದ ಬೂಟ್ ಮಾಡಿ. ಇನ್‌ಸ್ಟಾಲ್ ಮುಗಿಯುವವರೆಗೆ ಲ್ಯಾನ್ ಕೇಬಲ್ ಸಿಕ್ಕಿಸಿಡಿ. ಕೆಲವು ವೈಫೈ ಡಾಂಗಲ್‌ಗಳ ಡ್ರೈವರ್ ಆಮೇಲಷ್ಟೇ ಬರುತ್ತದೆ.

ಯೂಟ್ಯೂಬ್ ತಡವರಿಸಿದರೆ ವಿಡಿಯೋವನ್ನು ಹಳೇ ಎಚ್.264 ಕೋಡೆಕ್‌ನಲ್ಲೇ (ವಿಡಿಯೋ ಕುಗ್ಗಿಸುವ ವಿಧಾನ) ತರಿಸುವ ಎಚ್264ಇಫೈ ಎಕ್ಸ್‌ಟೆನ್ಶನನ್ನು ಬ್ರೌಸರಿಗೆ ಹಾಕಿ. ಹೊಸ ವಿಡಿಯೋ ಕೋಡೆಕ್‌ಗಳನ್ನು ಹಳೇ ಗ್ರಾಫಿಕ್ಸ್ ಬಿಡಿಸಲಾರದು, ಹೊರೆಯೆಲ್ಲ ಪ್ರೊಸೆಸರಿನ ಮೇಲೆ ಬೀಳುತ್ತದೆ.

ಕನ್ನಡ ಟೈಪಿಂಗಿಗೆ ಐಬಸ್ ಎಂಬ ಇನ್‌ಪುಟ್ ತಂತ್ರಾಂಶದ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿ, ನುಡಿಯಲ್ಲೂ ಇರುವ ಕೆಜಿಪಿ ಕೀಲಿಮಣೆ ಆರಿಸಿ. ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಹೊಸದಾಗಿ ಕಲಿಯುವುದೇನೂ ಇರುವುದಿಲ್ಲ. ಪ್ರಿಂಟರನ್ನು ಮಾತ್ರ ಮೊದಲೇ ವಿಚಾರಿಸಿ: ಎಚ್‌ಪಿ 1020ಕ್ಕೆ ಎಚ್‌ಪಿಯ ಪ್ಲಗಿನ್ ಇಳಿಸಿದರೆ ಸಾಕು, ಕ್ಯಾನನ್ ಎಲ್‌ಬಿಪಿ 2900 ಮಾತ್ರ ಸುಲಭಕ್ಕೆ ಬಗ್ಗುವುದಿಲ್ಲ.