ಪಿತ್ತಕೋಶದ ಗೋಡೆ ದಪ್ಪವಾದಾಗ ಎಂಆರ್‌ಐ ಚಿತ್ರವನ್ನು ಓದುವ ಕ್ರಮ

ವಿಜಯಪುರ, ಕಲಬುರಗಿ ಕಡೆಯಿಂದ ಚಿಕಿತ್ಸೆಗಾಗಿ ಮುಂಬೈಯ ಪರೇಲ್‌ಗೆ ಬರುವ ಕೆಲವರ ಕೈಯಲ್ಲಿರುವ ಸೋನೋಗ್ರಫಿ ವರದಿಯಲ್ಲಿ, ಪಿತ್ತಕೋಶದ ಗೋಡೆ ದಪ್ಪವಾಗಿದೆ, ಹಳೆಯ ಉರಿಯೂತವೋ ಕ್ಯಾನ್ಸರೋ ಹೇಳಲಾಗದು ಎಂದಷ್ಟೇ ಬರೆದಿರುತ್ತದೆ. ಈ ಅನುಮಾನವನ್ನು ಬಗೆಹರಿಸಿಕೊಳ್ಳದೆ ಹರಳಿನ ಶಸ್ತ್ರಚಿಕಿತ್ಸೆಯಂತೆಯೇ ದುರ್ಬೀನಿನ ಮೂಲಕ ಪಿತ್ತಕೋಶವನ್ನು ತೆಗೆದರೆ, ಒಳಗೆ ಕ್ಯಾನ್ಸರ್ ಇದ್ದಲ್ಲಿ ಪಿತ್ತರಸ ಚೆಲ್ಲಿ ಅದರ ಕೋಶಗಳು ಹೊಟ್ಟೆಯೊಳಗೆ ಹರಡುವ ಅಪಾಯವಿದೆ. ಎಂಆರ್‌ಐಯನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಮಾಡಿಸಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ತರಬೇತಿಯಲ್ಲಿರುವ ಕನ್ನಡದ ಕಿರಿಯ ವೈದ್ಯರಿಗೂ ವರದಿಯನ್ನು ತಿಳಿದುಕೊಳ್ಳಬಯಸುವ ಮನೆಯವರಿಗೂ ಈ ಕ್ರಮ ನೆರವಾದೀತು.

ಪರೀಕ್ಷೆಗೆ ಮುನ್ನ ನಾಲ್ಕರಿಂದ ಆರು ಗಂಟೆ ಉಪವಾಸವಿರಬೇಕು. ಊಟವಾದ ಮೇಲೆ ಪಿತ್ತಕೋಶ ಕುಗ್ಗುವುದರಿಂದ ಆರೋಗ್ಯವಂತ ಗೋಡೆಯೂ ದಪ್ಪವಾಗಿ ಕಾಣುತ್ತದೆ. ಚಿತ್ರದಲ್ಲಿ ಅಂಗಗಳನ್ನು ಬೆಳಗಿಸಿ ತೋರಿಸುವ ಗ್ಯಾಡೋಲಿನಿಯಂ ಚುಚ್ಚುಮದ್ದಿಗೆ ಮೊದಲು ಮೂತ್ರಪಿಂಡದ ಸ್ಥಿತಿಯನ್ನು ತಿಳಿದಿರಬೇಕು. ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಬೇಕು.

ಮೊದಲು, ದ್ರವವು ಬೆಳ್ಳಗೆ ಕಾಣುವ ಟಿ2 ಚಿತ್ರದಲ್ಲಿ ಗೋಡೆಯನ್ನು ನೋಡಬೇಕು. ತುಂಬಿದ ಪಿತ್ತಕೋಶದ ಗೋಡೆ ಸಾಮಾನ್ಯವಾಗಿ 3 ಮಿಲಿಮೀಟರ್ ಮೀರುವುದಿಲ್ಲ. ಆದರೆ ಯಕೃತ್ತಿನ ಕಾಯಿಲೆ, ಹೃದಯ ವೈಫಲ್ಯಗಳಲ್ಲಿಯೂ ಅದು ಊದಿಕೊಳ್ಳುವುದರಿಂದ ದಪ್ಪವೊಂದನ್ನೇ ಅಳೆದು ತೀರ್ಮಾನಿಸಬಾರದು. ಒಳಗಿನ ತೆಳು ಪದರವೂ ಹೊರಗಿನ ಬಿಳಿಯ ಪದರವೂ ಬೇರೆಬೇರೆಯಾಗಿ ಸುತ್ತಲೂ ಕಂಡರೆ ಕ್ಯಾನ್ಸರಲ್ಲದ ಕಾಯಿಲೆಯ ಸಾಧ್ಯತೆ ಹೆಚ್ಚು. ಗೋಡೆಯೊಳಗೆ ಚಿಕ್ಕ ಬಿಳಿ ಚುಕ್ಕೆಗಳು ಮುತ್ತಿನ ಸರದಂತೆ ಸಾಲಾಗಿದ್ದರೆ ಅದು ಅಡೆನೋಮಯೋಮಟೋಸಿಸ್ ಎಂಬ, ಗೋಡೆ ದಪ್ಪವಾಗುವ ಕ್ಯಾನ್ಸರಲ್ಲದ ಸ್ಥಿತಿ. ಇದಕ್ಕೆ ಪ್ರತಿಯಾಗಿ, ಒಂದೇ ಕಡೆ ಉಬ್ಬಿ, ಪದರಗಳ ಗುರುತು ಅಳಿಸಿಹೋಗಿ, ಒಳಪೊರೆ ಹರಿದಂತೆ ಕಂಡರೆ ಕ್ಯಾನ್ಸರ್ ಎಂದು ಶಂಕಿಸಲೇಬೇಕು.

ಅತಿ ಕಠಿಣವಾದದ್ದು ಝ್ಯಾಂಥೋಗ್ರಾನ್ಯುಲೋಮೇಟಸ್ ಕೋಲೆಸಿಸ್ಟೈಟಿಸ್ ಎಂಬ ಉರಿಯೂತ. ಅದು ಯಕೃತ್ತಿನ ಅಂಚಿಗೂ ಹಬ್ಬಿ, ಅನುಭವಿಗಳನ್ನೂ ದಾರಿ ತಪ್ಪಿಸುತ್ತದೆ. ಒಳಪೊರೆಯ ಗೆರೆ ಎಲ್ಲೂ ತುಂಡಾಗದೆ ಉಳಿದಿದೆಯೇ, ಗೋಡೆಯೊಳಗೆ ಟಿ2 ಚಿತ್ರದಲ್ಲಿ ಬೆಳ್ಳಗಿನ ಗಂಟುಗಳಿವೆಯೇ, ಕೊಬ್ಬಿನಂಶವನ್ನು ತೋರಿಸುವ ಔಟ್-ಆಫ್-ಫೇಸ್ ಚಿತ್ರದಲ್ಲಿ ಗೋಡೆ ಕಪ್ಪಾಗುತ್ತದೆಯೇ ಎಂಬ ಮೂರನ್ನೂ ಒಟ್ಟಿಗೆ ಪರಿಶೀಲಿಸಬೇಕು. ಇವೆಲ್ಲವೂ ಇದ್ದರೆ ಈ ಉರಿಯೂತದ ಸಾಧ್ಯತೆ ಹೆಚ್ಚು, ಆದರೂ ಜತೆಗೆ ಕ್ಯಾನ್ಸರ್ ಇರಬಾರದೆಂದೇನಿಲ್ಲ.

ಬಳಿಕ ನೀರಿನ ಅಣುಗಳ ಚಲನೆಯನ್ನು ತೋರಿಸುವ ಡಿಫ್ಯೂಷನ್ ಚಿತ್ರವನ್ನು ನೋಡಬೇಕು. ಕೋಶಗಳು ದಟ್ಟವಾಗಿರುವ ಗಡ್ಡೆಯಲ್ಲಿ ನೀರಿನ ಅಣುಗಳ ಚಲನೆ ಕುಂಠಿತವಾಗಿ, ಅದು ಹೆಚ್ಚಿನ ಬಿ-ಮೌಲ್ಯದ (ಅಂದರೆ ಈ ಚಲನೆಯನ್ನು ಹೆಚ್ಚು ಸೂಕ್ಷ್ಮವಾಗಿ ಗ್ರಹಿಸುವ) ಚಿತ್ರದಲ್ಲಿ ಬೆಳ್ಳಗೂ, ಚಲನೆಯನ್ನು ಅಳೆದು ತೋರಿಸುವ ಎಡಿಸಿ ನಕ್ಷೆಯಲ್ಲಿ ಕಪ್ಪಾಗಿಯೂ ಕಾಣುತ್ತದೆ. ಎರಡನ್ನೂ ಹೋಲಿಸಲೇಬೇಕು, ಏಕೆಂದರೆ ಬರಿಯ ದ್ರವವೂ ಮೊದಲನೆಯದರಲ್ಲಿ ಹೊಳೆಯಬಲ್ಲದು. ಕೀವೂ ಇದೇ ಲಕ್ಷಣ ತೋರುವುದರಿಂದ ಜ್ವರ, ರಕ್ತಪರೀಕ್ಷೆಗಳ ವಿವರವನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ಎಡಿಸಿ ಅಂಕಿ ಯಂತ್ರದಿಂದ ಯಂತ್ರಕ್ಕೆ ಬದಲಾಗುವುದರಿಂದ, ಪುಣೆಯಲ್ಲಿ ಅಳೆದ ಅಂಕಿಯನ್ನು ಮುಂಬೈಯ ಅಂಕಿಯೊಂದಿಗೆ ನೇರವಾಗಿ ಹೋಲಿಸುವುದು ನನಗೆ ಸರಿಯೆನಿಸದು. ಗ್ಯಾಡೋಲಿನಿಯಂ ಕೊಟ್ಟಾಗ ದಪ್ಪನೆಯ ಒಳಪದರ ಬೇಗನೆ ಬೆಳಗಿ, ಹೊಳಪನ್ನು ಬಹಳ ಹೊತ್ತು ಉಳಿಸಿಕೊಂಡರೆ ಶಂಕೆ ಬಲವಾಗುತ್ತದೆ.

ಕೊನೆಗೆ, ರೋಗ ಹರಡಿದೆಯೇ ಎಂದು ತಿಳಿಯಲು ಯಕೃತ್ತು, ದುಗ್ಧಗ್ರಂಥಿಗಳನ್ನೂ, ಪಿತ್ತನಾಳಗಳನ್ನು ತೋರಿಸುವ ಎಂಆರ್‌ಐ ಚಿತ್ರವಾದ ಎಂಆರ್‌ಸಿಪಿಯಲ್ಲಿ ಆ ನಾಳಗಳನ್ನೂ ನೋಡಬೇಕು. ಇಷ್ಟಾದ ಮೇಲೂ ಅನುಮಾನ ಉಳಿದರೆ ಅದನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಶಸ್ತ್ರಚಿಕಿತ್ಸೆಯಿಂದ ಪೂರ್ಣವಾಗಿ ತೆಗೆಯಬಹುದಾದ ಗಡ್ಡೆಗೆ ಸಾಮಾನ್ಯವಾಗಿ ಸೂಜಿ ಬಯಾಪ್ಸಿ ಮಾಡುವುದಿಲ್ಲ. ಆದ್ದರಿಂದ ಅನುಮಾನ ಉಳಿದ ರೋಗಿಯ ಎಂಆರ್‌ಐಯ ಮೂಲ ಚಿತ್ರಗಳಿರುವ ಸಿಡಿಯನ್ನೇ ಕ್ಯಾನ್ಸರ್ ಶಸ್ತ್ರಚಿಕಿತ್ಸಕರಿಗೆ ತೋರಿಸಬೇಕು.