ಬ್ರೇಕ್ ಕಡಿಮೆ ಒತ್ತಿ, ಮೈಲೇಜ್ ಜಾಸ್ತಿ ಪಡೆಯಿರಿ

ಶೋರೂಮಿನಲ್ಲಿ ಲೀಟರಿಗೆ 20 ಅಂತ ಹೇಳಿದ ಕಾರು ಬೆಂಗಳೂರಿನ ಟ್ರಾಫಿಕ್‌ನಲ್ಲಿ 12 ಕೊಡುತ್ತದೆ. ಹಾಗಂತ ಅವರು ಸುಳ್ಳು ಹೇಳಿದರು ಅಂದುಕೊಳ್ಳಬೇಕಿಲ್ಲ. ಆ ಅಂಕಿ ಬರುವುದು ಪ್ರಯೋಗಾಲಯದಿಂದ. ಕಾರನ್ನು ರೋಲರ್‌ಗಳ ಮೇಲೆ ನಿಲ್ಲಿಸಿ, ಮೊದಲೇ ಗೊತ್ತುಮಾಡಿದ ವೇಗದಲ್ಲಿ ಓಡಿಸಿ ಅಳೆಯುತ್ತಾರೆ. ಅಲ್ಲಿ ಹಂಪ್ ಇಲ್ಲ, ಗುಂಡಿ ಇಲ್ಲ, ಅಡ್ಡ ನುಗ್ಗುವ ಬೈಕೂ ಇಲ್ಲ. ನಮ್ಮ ರಸ್ತೆಯಲ್ಲಿ ಆ ಅಂಕಿ ಮುಟ್ಟುವುದು ಕಷ್ಟ. ಆದರೆ ಈಗ ಬರುತ್ತಿರುವುದಕ್ಕಿಂತ ಒಂದೆರಡು ಕಿಲೋಮೀಟರ್ ಜಾಸ್ತಿ ಪಡೆಯುವುದು ಹೆಚ್ಚಿನವರಿಗೆ ಸಾಧ್ಯ. ಅದಕ್ಕೆ ಯಾವ ಸಾಮಾನೂ ಕೊಳ್ಳಬೇಕಿಲ್ಲ. ಬಲಗಾಲನ್ನು ಸ್ವಲ್ಪ ಪಳಗಿಸಿದರೆ ಸಾಕು.

ಮೊದಲು ಸರಿಯಾಗಿ ಅಳೆಯಿರಿ

ಟ್ಯಾಂಕ್ ಫುಲ್ ಮಾಡಿಸಿ. ಬಂಕ್‌ನ ನಾಝಲ್ ಮೊದಲ ಸಲ ತಾನಾಗಿಯೇ ಕಟ್ ಆದಾಗ ನಿಲ್ಲಿಸಲು ಹೇಳಿ. ದುಡ್ಡು ರೌಂಡ್ ಮಾಡಲು ಇನ್ನಷ್ಟು ಹಾಕುವುದು ಬೇಡ. ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಮುಂದಿನ ಸಲ ಅದೇ ಬಂಕ್‌ನಲ್ಲಿ, ಅದೇ ರೀತಿ ಫುಲ್ ಮಾಡಿಸಿ. 420 ಕಿ.ಮೀ. ಓಡಿ 28 ಲೀಟರ್ ಹಿಡಿದರೆ ನಿಮ್ಮ ಮೈಲೇಜ್ 15. ಎರಡು ಮೂರು ಟ್ಯಾಂಕಿನ ಸರಾಸರಿ ನೋಡಿದರೆ ಇನ್ನೂ ನಂಬಬಹುದು. ಡ್ಯಾಶ್‌ಬೋರ್ಡ್ ತೋರಿಸುವ ಅಂಕಿ ಹಲವು ಕಾರುಗಳಲ್ಲಿ ಸ್ವಲ್ಪ ಮೇಲೇ ಇರುತ್ತದೆ. ಇವತ್ತಿಗೂ ನಿನ್ನೆಗೂ ಹೋಲಿಸಿ ನೋಡಲು ಅದು ಸಾಕು, ಲೆಕ್ಕಕ್ಕೆ ಸಾಲದು.

ಟೈರಿನ ಗಾಳಿ

ಗಾಳಿ ಕಮ್ಮಿ ಇರುವ ಸೈಕಲ್ ತುಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಇಬ್ಬರಿದ್ದರೆ ಎಷ್ಟು, ಕಾರು ತುಂಬಿದರೆ ಎಷ್ಟು ಅಂತ ಅದರಲ್ಲಿ ಬರೆದಿರುತ್ತದೆ. ಬಂಕ್‌ನ ಹುಡುಗ "35 ಹಾಕ್ಲಾ ಸಾರ್?" ಅಂದರೆ ಸುಮ್ನೆ ತಲೆಯಾಡಿಸಬೇಡಿ, ಸ್ಟಿಕ್ಕರ್‌ನ ಅಂಕಿ ಹೇಳಿ. ಟೈರಿನ ಮೇಲೆಯೇ ಅಚ್ಚಾದ ಅಂಕಿ ಗರಿಷ್ಠ ಮಿತಿ, ಅದನ್ನು ಹಾಕಿಸಬಾರದು. ಟೈರ್ ತಣ್ಣಗಿರುವಾಗ, ಮನೆ ಹತ್ತಿರದ ಬಂಕ್‌ನಲ್ಲೇ ನೋಡಿಸಿ. ದೂರ ಓಡಿ ಬಿಸಿಯಾದ ಟೈರ್ ಮೂರ್ನಾಲ್ಕು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಜಾಸ್ತಿ ತೋರಿಸಬಹುದು. ಹದಿನೈದು ದಿನಕ್ಕೊಮ್ಮೆ ನೋಡಿಸಿದರೆ ಒಳ್ಳೆಯದು. ಸ್ಟೆಪ್ನಿಯನ್ನೂ ಮರೆಯಬೇಡಿ.

ನಿಜವಾದ ಉಳಿತಾಯ ಇರುವುದು ಇಲ್ಲಿ

ಕಾರಿಗೆ ವೇಗ ಬರುವುದು ಪೆಟ್ರೋಲ್ ಸುಟ್ಟು. ಬ್ರೇಕ್ ಒತ್ತಿದಾಗ ಆ ವೇಗವೆಲ್ಲ ಬ್ರೇಕ್ ಪ್ಯಾಡಿನಲ್ಲಿ ಬಿಸಿಯಾಗಿ ಹೋಗುತ್ತದೆ. ಅಂದರೆ ತಪ್ಪಿಸಬಹುದಾಗಿದ್ದ ಒಂದೊಂದು ಬ್ರೇಕೂ ಆಗಲೇ ದುಡ್ಡು ಕೊಟ್ಟ ಪೆಟ್ರೋಲು.

ಒಂದು ಹಂಪ್ ತೆಗೆದುಕೊಳ್ಳಿ. ಕಾರು 50ರಲ್ಲಿದೆ, ನೂರೈವತ್ತು ಮೀಟರ್ ಮುಂದೆ ಹಂಪ್ ಕಾಣುತ್ತಿದೆ. ಹೆಚ್ಚಿನವರು ಕೊನೆಯ ಮೂವತ್ತು ಮೀಟರ್‌ವರೆಗೂ ಆಕ್ಸಿಲರೇಟರ್ ಮೇಲೆ ಕಾಲಿಟ್ಟಿರುತ್ತಾರೆ. ಆಮೇಲೆ ಜೋರಾಗಿ ಬ್ರೇಕ್, ಫಸ್ಟ್ ಗೇರ್, ಮತ್ತೆ ಎಳೆತ. ಅದರ ಬದಲು ಹಂಪ್ ಕಂಡ ಕೂಡಲೇ ಕಾಲೆತ್ತಿ, ಗೇರ್ ಹಾಗೇ ಇರಲಿ. ಕಾರು ತಾನಾಗಿಯೇ ನಿಧಾನವಾಗುತ್ತ ಬರುತ್ತದೆ. ಕೊನೆಯಲ್ಲಿ ಸ್ವಲ್ಪವೇ ಬ್ರೇಕ್ ಮುಟ್ಟಿ, ಸೆಕೆಂಡ್ ಗೇರಿನಲ್ಲಿ ಮೆಲ್ಲಗೆ ದಾಟಬಹುದು. ಮುಂದೆ ಸಿಗ್ನಲ್ ಕೆಂಪಾಗಿದ್ದರೂ ಇದೇ ಕ್ರಮ. ಓಡಿಹೋಗಿ ಸಾಲಿನಲ್ಲಿ ನಿಲ್ಲುವುದರಿಂದ ಏನು ಸಿಗುತ್ತದೆ, ಅಲ್ವಾ? ಮೆಲ್ಲಗೆ ಬಂದರೆ ಎಷ್ಟೋ ಸಲ ನೀವು ತಲುಪುವಷ್ಟರಲ್ಲಿ ಹಸಿರು ಬಿದ್ದಿರುತ್ತದೆ. ನಿಂತ ಕಾರನ್ನು ಮತ್ತೆ ಎಬ್ಬಿಸುವುದಕ್ಕಿಂತ ಉರುಳುತ್ತಿರುವ ಕಾರಿಗೆ ವೇಗ ಕೊಡಲು ಪೆಟ್ರೋಲ್ ಕಮ್ಮಿ ಸಾಕು.

ಇದಕ್ಕೆ ಬೇಕಾದ್ದು ದೂರದ ನೋಟ. ಮುಂದಿನ ಕಾರಿನ ಬ್ರೇಕ್ ಲೈಟನ್ನೇ ನೋಡುತ್ತ ಓಡಿಸಿದರೆ ಅದು ನಿಂತಾಗ ನೀವೂ ನಿಲ್ಲಬೇಕು. ಅದರಾಚೆಯ ನಾಲ್ಕೈದು ಗಾಡಿಗಳನ್ನು ನೋಡಿ, ನಡುವೆ ಜಾಗ ಬಿಡಿ. ಆ ಜಾಗಕ್ಕೆ ಆಟೋ ನುಗ್ಗುತ್ತದೆ ಅನ್ನುತ್ತೀರಿ. ನುಗ್ಗಲಿ ಬಿಡಿ, ಮತ್ತೆ ಜಾಗ ಮಾಡಿಕೊಳ್ಳಬಹುದು.

ನ್ಯೂಟ್ರಲ್ ಎಂಬ ಹಳೇ ಚಾಳಿ

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ಕಾರ್ಬ್ಯುರೇಟರ್ ಕಾಲದ್ದು. ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಗೇರಿನಲ್ಲಿದ್ದಾಗ ಕಾಲೆತ್ತಿದರೆ ಇಂಜಿನ್ನಿಗೆ ಇಂಧನವೇ ನಿಲ್ಲುತ್ತದೆ. ಚಕ್ರಗಳೇ ಇಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್‌ಗೆ ಹಾಕಿದಿರೋ, ಇಂಜಿನ್ ಆಫ್ ಆಗದಂತೆ ನೋಡಿಕೊಳ್ಳಲು ಮತ್ತೆ ಇಂಧನ ಹೋಗಬೇಕು. ನಿಮ್ಮ ಕಾರಿನಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಪಟ್ಟಿ ಇದ್ದರೆ ಗಮನಿಸಿ: ಗೇರಿನಲ್ಲಿ ಕಾಲೆತ್ತಿದಾಗ ಅದು ತುದಿ ಮುಟ್ಟುತ್ತದೆ.

ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿ ಇಳಿಯುವಾಗಲಂತೂ ನ್ಯೂಟ್ರಲ್ ಪ್ರಾಣಕ್ಕೇ ಕುತ್ತು. ಇಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕ್ ಮೇಲೆ ಬೀಳುತ್ತದೆ. ಬ್ರೇಕ್ ಕಾದರೆ ಹಿಡಿಯುವುದಿಲ್ಲ. ಸೆಕೆಂಡ್ ಅಥವಾ ಥರ್ಡ್ ಗೇರಿನಲ್ಲಿ ಇಳಿಯಿರಿ. ಕೀ ಆಫ್ ಮಾಡಿ ಇಳಿಯುವುದು ಇನ್ನೂ ಕೆಟ್ಟದ್ದು. ಸ್ಟೀರಿಂಗ್ ಬಿಗಿಯುತ್ತದೆ, ಬ್ರೇಕ್ ಕಲ್ಲಾಗುತ್ತದೆ.

ಗೇರ್, ಸಿಗ್ನಲ್, ಎ.ಸಿ.

ಪೆಟ್ರೋಲ್ ಕಾರಿಗೆ ಸಾಮಾನ್ಯವಾಗಿ 2000ದಿಂದ 2500 ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಒಳಗೆ ಮೇಲಿನ ಗೇರ್ ಹಾಕಿ. ಡೀಸೆಲ್‌ಗೆ ಇನ್ನೂ ಮುಂಚೆ. ಆದರೆ ಕಡಿಮೆ ವೇಗದಲ್ಲಿ ಮೇಲಿನ ಗೇರ್ ಹಾಕಿ ಇಂಜಿನ್ ನಡುಗುವಷ್ಟು ಎಳೆಯಬೇಡಿ. ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸಬೇಡಿ.

ಸಣ್ಣ ಪೆಟ್ರೋಲ್ ಕಾರೂ ಎ.ಸಿ. ಹಾಕಿಕೊಂಡು ನಿಂತಲ್ಲೇ ಗಂಟೆಗೆ ಹತ್ತಿರಹತ್ತಿರ ಒಂದು ಲೀಟರ್ ಕುಡಿಯಬಹುದು. ಸಿಗ್ನಲ್‌ನ ಟೈಮರ್ 30ಕ್ಕಿಂತ ಮೇಲಿದ್ದರೆ ಇಂಜಿನ್ ಆಫ್ ಮಾಡಿ. ಹೆಬ್ಬಾಳ ಫ್ಲೈಓವರ್‌ನಂಥ ಕಡೆ ಇಂಚಿಂಚು ಸರಿಯುತ್ತಿರುವಾಗ ಇದು ಬೇಡ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಗಾಜನ್ನೆಲ್ಲ ಇಳಿಸಿ ಒಂದೆರಡು ನಿಮಿಷ ಓಡಿಸಿ, ಬಿಸಿಗಾಳಿ ಹೊರಗೆ ಹೋಗಲಿ. ಆಮೇಲೆ ಎ.ಸಿ. ಹಾಕಿ.

ಹೆದ್ದಾರಿಯಲ್ಲಿ

ಗಾಳಿಯ ತಡೆ ವೇಗದ ವರ್ಗದಂತೆ, ಅಂದರೆ ವೇಗವನ್ನು ವೇಗದಿಂದಲೇ ಗುಣಿಸಿದ ಹಾಗೆ, ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಕಾಲು ಭಾಗವಷ್ಟೇ ಏರಿತು, ತಡೆ ಮಾತ್ರ ಒಂದೂವರೆ ಪಟ್ಟು ದಾಟಿತು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 118 ಕಿ.ಮೀ. ಉದ್ದ. ಉದ್ದಕ್ಕೂ 100ರಲ್ಲಿ ಹೋದರೆ 71 ನಿಮಿಷ, 80ರಲ್ಲಿ 89. ಹದಿನೆಂಟು ನಿಮಿಷಕ್ಕೆ ಅಷ್ಟು ಪೆಟ್ರೋಲ್ ಕೊಡಬೇಕೇ ಎಂಬುದನ್ನು ನೀವೇ ನಿರ್ಧರಿಸಿ. 80ರಲ್ಲಿ ಹೋಗುವವರು ಬಲಗಡೆ ಲೇನ್ ಹಿಡಿಯಬೇಡಿ. ಈ ವೇಗದಲ್ಲಿ ಗಾಜು ಇಳಿಸುವುದಕ್ಕಿಂತ ಎ.ಸಿ.ಯೇ ವಾಸಿ. ಮೇಲಿನ ಕ್ಯಾರಿಯರ್ ಖಾಲಿ ಇದ್ದರೆ ಬಿಚ್ಚಿಡಿ.

ಇನ್ನೂ ಕಡಿಮೆ ಬರುತ್ತಿದ್ದರೆ

ಪೆಟ್ರೋಲಿನಲ್ಲಿ ಈಗ ಶೇ 20ರವರೆಗೆ ಎಥನಾಲ್ ಇರುತ್ತದೆ. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಕೆಲವು ವರ್ಷದ ಹಿಂದಿನ ಮೈಲೇಜಿಗೆ ಹೋಲಿಸಿದರೆ ಸ್ವಲ್ಪ ಇಳಿಕೆ ಸಹಜ. ಇಂಧನದ ಪೈಪಿಗೆ ಕಟ್ಟುವ ಮ್ಯಾಗ್ನೆಟ್‌ನಂಥ ಸಾಧನಗಳಿಗೆ ದುಡ್ಡು ಹಾಕಬೇಡಿ.

ಇದ್ದಕ್ಕಿದ್ದಂತೆ ಎರಡು ಮೂರು ಕಿಲೋಮೀಟರ್ ಇಳಿದರೆ ಕಾಲು ತೆಗೆದರೂ ಬ್ರೇಕ್ ಬಿಡದೆ ಚಕ್ರವನ್ನು ಹಿಡಿದುಕೊಂಡಿರಬಹುದು. ಹತ್ತು ಕಿಲೋಮೀಟರ್ ಬ್ರೇಕ್ ಆದಷ್ಟು ಕಮ್ಮಿ ಮಾಡಿ ಓಡಿಸಿ, ಇಳಿದು ನಾಲ್ಕೂ ಚಕ್ರದ ಬಳಿ ಕೈ ಹಿಡಿಯಿರಿ. ಮುಟ್ಟಬೇಡಿ, ಸುಟ್ಟೀತು. ಎಡ-ಬಲದ ಜೋಡಿಯಲ್ಲಿ ಒಂದೇ ಚಕ್ರದಿಂದ ಜಾಸ್ತಿ ಬಿಸಿ ಬರುತ್ತಿದ್ದರೆ ಅದೇ ದಿನ ಮೆಕ್ಯಾನಿಕ್‌ಗೆ ತೋರಿಸಿ.